ಕಾರವಾರದ ಕಡಲ ಕೆಸರಿನಿಂದ 3500 ವರ್ಷದ ಹಿಂದಿನ ಮಳೆ ಹೇಳ್ತಾರಲ್ಲ, ಎಷ್ಟು ನಂಬಬಹುದು?

ಕಾಳಿ ದಂಡೆ
ಎಲ್ಲರಿಗೂ ನಮಸ್ಕಾರ. ಕಾರವಾರದ ಎದುರಿನ ಸಮುದ್ರದ ತಳದಿಂದ ಕೆಸರು ತೆಗೆದು ನೋಡಿ, ಸುಮಾರು 3500 ವರ್ಷದ ಹಿಂದಿನಿಂದ ಈ ಕಡೆಯ ಹವೆಯಲ್ಲಿ ತೇವ ಕಡಿಮೆಯಾಯಿತು ಎಂದು 1994ರಲ್ಲಿ ಕಾರಾತಿನಿ ಎಂಬ ಫ್ರೆಂಚ್ ವಿಜ್ಞಾನಿ ಮತ್ತು ಜೊತೆಗಾರರು ಬರೆದಿದ್ದಾರೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ತಂಡ 1995ರಲ್ಲಿ ಕಾರವಾರದ ಕೆಸರನ್ನೇ ನೋಡಿ, ಬರ ಸುಮಾರು 77 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ ಎಂದು ಹೇಳಿತು.

ನಾನು ಓದಿದ್ದು ಕಾಮರ್ಸ್. ಆದರೆ ಕಾಳಿ ನದಿ ಪಕ್ಕದವನು, ಹಾಗಾಗಿ ಕುತೂಹಲ. ಮಳೆ ಬಿದ್ದದ್ದು ಘಟ್ಟದ ಮೇಲೆ. ಕೆಸರು ಇರುವುದು ಸಮುದ್ರದ ಅಡಿಯಲ್ಲಿ. ಅಳತೆ ಮಾಡಿದವರು ಯಾರೂ ಇಲ್ಲ. ಇದನ್ನು ಎಷ್ಟು ನಂಬಬಹುದು? ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ವಿಜ್ಞಾನ ಅಂತಾರೆ, ಇನ್ನರ್ಧ ಜನ ಕವಡೆ ಶಾಸ್ತ್ರ ಅಂತಾರೆ.

ರಾಗಿಮುದ್ದೆ
ಕವಡೆ ಅಂದವರು ಅರ್ಧ ಸರಿ ಗುರು. ಇವರೂ ಚಿಪ್ಪು ನೋಡಿಯೇ ಹೇಳೋದು.

ಕಪ್ಪು ತಟ್ಟೆ
ಚಿಪ್ಪು ನೋಡುವ ಕೆಲಸವೇ ನನ್ನದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಹಡಗಿನಿಂದ ಭಾರ ಕಟ್ಟಿದ ಕಬ್ಬಿಣದ ಕೊಳವೆ ಇಳಿಸುತ್ತಾರೆ. ಒಳಗೆ ಪಿವಿಸಿ ಪೈಪು ಇರುತ್ತದೆ. ತನ್ನ ಭಾರಕ್ಕೇ ಅದು ಕೆಸರೊಳಗೆ ಇಳಿದು ಒಂದು ಕಂಬದಷ್ಟು ಕೆಸರನ್ನು ಹಿಡಿದುಕೊಂಡು ಬರುತ್ತದೆ. ಅದೇ ಕೋರ್. ಉದ್ದಕ್ಕೆ ಸೀಳಿ, ಸೆಂಟಿಮೀಟರ್ ಲೆಕ್ಕದಲ್ಲಿ ತುಂಡು ಮಾಡುತ್ತೇವೆ. ಪ್ರತಿ ತುಂಡನ್ನೂ ಒಣಗಿಸಿ, ತೂಕ ಹಾಕಿ, ನೀರಲ್ಲಿ ನೆನೆಸಿ, 63 ಮೈಕ್ರಾನ್ ಜರಡಿಯ ಮೇಲೆ ಸಣ್ಣ ನೀರಿನ ಧಾರೆಯಲ್ಲಿ ತೊಳೆಯುತ್ತೇವೆ. ಜೇಡಿ ಹರಿದು ಹೋಗುತ್ತದೆ. ಉಳಿದದ್ದನ್ನು ಒಣಗಿಸಿ, ಚೌಕ ಗೆರೆ ಹಾಕಿದ ಕಪ್ಪು ತಟ್ಟೆಗೆ ಹರಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬೆಳ್ಳಗೆ ನೂರಾರು ಚಿಪ್ಪು ಕಾಣುತ್ತವೆ. ಹೆಚ್ಚಿನವು ಅರ್ಧ ಮಿಲಿಮೀಟರ್‌ಗಿಂತ ಚಿಕ್ಕವು. ಇವು ಫೊರಾಮಿನಿಫೆರಾ, ನಾವು ಫೊರಾಮ್ ಅನ್ನುತ್ತೇವೆ. ಒಂದೇ ಕೋಶದ ಜೀವಿ, ಮೈಮೇಲೆ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಮೂರು ಸೊನ್ನೆ ನಂಬರಿನ ಪೇಂಟಿಂಗ್ ಬ್ರಷ್ ತುದಿಯನ್ನು ಒದ್ದೆ ಮಾಡಿ ಒಂದೊಂದನ್ನೇ ಎತ್ತಬೇಕು. ಒಂದು ತುಂಡಿಗೆ ಕಡಿಮೆ ಅಂದರೂ 300 ಚಿಪ್ಪು ಎಣಿಸುತ್ತೇವೆ. ಜೋರಾಗಿ ಸೀನಿದರೆ ಬೆಳಗ್ಗಿನಿಂದ ಮಾಡಿದ ಕೆಲಸ ಹೋಯ್ತು ಅಂತ ಲೆಕ್ಕ.

ಈಗ ಕಾರವಾರ. ನಿಗಮ್ ತಂಡ ನೋಡಿದ್ದು ರೊಟಾಲಿಡಿಯಂ ಅನೆಕ್ಟೆನ್ಸ್ ಎಂಬ ತಳದಲ್ಲಿ ಬದುಕುವ ಫೊರಾಮ್ ಅನ್ನು. ಮಳೆ ಜಾಸ್ತಿಯಾದರೆ ಕಾಳಿ ತುಂಬಿ ಸಿಹಿನೀರು ತಂದು ಸುರಿಯುತ್ತದೆ, ದಡದ ಹತ್ತಿರ ನೀರಿನ ಉಪ್ಪು ಇಳಿಯುತ್ತದೆ. ಈ ಜೀವಿ ಗೂಡು ಕಟ್ಟಲು ಶುರು ಮಾಡುವ ಮೊಟ್ಟಮೊದಲ ಕೋಣೆಯ ಸರಾಸರಿ ಗಾತ್ರ ಆ ಉಪ್ಪಿನ ಜೊತೆ ಬದಲಾಗುತ್ತದೆ. ಅಂದರೆ ಅವರು ನೇರವಾಗಿ ಮಳೆ ಅಳೆದಿಲ್ಲ. ಕೋಣೆಯಿಂದ ಉಪ್ಪು, ಉಪ್ಪಿನಿಂದ ನದಿ, ನದಿಯಿಂದ ಮಳೆ. ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಜಾರುವ ಸಾಧ್ಯತೆ ಇದೆ. ಆದರೆ ಮೆಟ್ಟಿಲು ಇದೆ, ಕವಡೆ ಶಾಸ್ತ್ರಕ್ಕೆ ಅದೂ ಇಲ್ಲ.

ಜೋಯಿಡಾ ಕಾಡು
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾರಾತಿನಿಯವರ ಪ್ರಬಂಧ ಮುಖ್ಯವಾಗಿ ನಿಂತಿರುವುದು ಫೊರಾಮ್ ಮೇಲೆ ಅಲ್ಲ, ಪರಾಗದ ಮೇಲೆ. ಘಟ್ಟದ ಕಾಡಿನ ಪರಾಗ, ಹುಲ್ಲುಗಾವಲಿನ ಪರಾಗ, ಅಳಿವೆಯ ಕಾಂಡ್ಲ (ಮ್ಯಾಂಗ್ರೋವ್) ಗಿಡದ ಪರಾಗ, ಎಲ್ಲವೂ ನೀರಿನ ಜೊತೆ ಬಂದು ಕೆಸರಿನಲ್ಲಿ ಕೂರುತ್ತವೆ. ಪರಾಗದ ಹೊರಗಿನ ಸಿಪ್ಪೆ ಬಹಳ ಗಟ್ಟಿ, ಸಾವಿರಾರು ವರ್ಷ ಕೊಳೆಯುವುದಿಲ್ಲ. 3500 ವರ್ಷದ ಹಿಂದಿನಿಂದ ಕಾಂಡ್ಲ ಮತ್ತು ಕಾಡಿನ ಪಾಲು ಇಳಿದು ಹುಲ್ಲಿನ ಪಾಲು ಏರಿತು ಅನ್ನುವುದು ಅವರ ವಾದ.

ಹಾಗಾಗಿ ಎರಡು ಕೆಲಸವನ್ನು ಒಂದೇ ಎಂದುಕೊಳ್ಳಬೇಡಿ. ಒಂದರ ಸಾಕ್ಷಿ ಚಿಪ್ಪು, ಇನ್ನೊಂದರ ಸಾಕ್ಷಿ ಗಿಡ.

ಲೆಕ್ಕದ ಮೇಷ್ಟ್ರು
ನನಗೆ 77ರ ಮೇಲೇ ಅನುಮಾನ. ಆ ದಾಖಲೆ ಇರುವುದೇ ಕೆಲವು ಶತಮಾನದ್ದು. ಅದರಲ್ಲಿ 77 ವರ್ಷದ ಸುತ್ತು ಐದಾರು ಸಲ ಬರಬಹುದು, ಅಷ್ಟೇ. ಐದಾರು ಸುತ್ತು ನೋಡಿ ಇದು ಚಕ್ರ ಅನ್ನುವುದು ಧೈರ್ಯದ ಮಾತು.

ಸುಮ್ನೆ ಕೂಡಿಸಿ ನೋಡಿ. 1877ರ ಬರ, ಅದೇ ಮೈಸೂರು ಸೀಮೆಯನ್ನು ಖಾಲಿ ಮಾಡಿದ ಧಾತು, ಈಶ್ವರ ಸಂವತ್ಸರಗಳ ಕ್ಷಾಮ. ಅದಕ್ಕೆ 77 ಸೇರಿಸಿದರೆ 1954. 1899ಕ್ಕೆ ಸೇರಿಸಿದರೆ 1976. 1918ಕ್ಕೆ ಸೇರಿಸಿದರೆ 1995. ದೇಶಕ್ಕೆ ದೊಡ್ಡ ಬರ ಬಂದದ್ದು 1972, 1987, 2002ರಲ್ಲಿ. ಎಲ್ಲಿ ಹೊಂದುತ್ತೆ ಹೇಳಿ?

ಕಪ್ಪು ತಟ್ಟೆ
ಮೇಷ್ಟ್ರೇ, ಸುತ್ತಿನ ಸಂಖ್ಯೆ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಕೂಡಿಸಿ ನೋಡುವ ಪರೀಕ್ಷೆ ಸರಿಯಿಲ್ಲ. ಕೆಸರಿನ ಒಂದು ತುಂಡಿನಲ್ಲಿ ಒಂದು ವರ್ಷ ಇರುವುದಿಲ್ಲ, ಹಲವು ವರ್ಷ ಒಟ್ಟಿಗೆ ಇರುತ್ತವೆ. 1877 ಎಂಬ ಒಂದೇ ವರ್ಷ ಅದರಲ್ಲಿ ಕಾಣುವುದಿಲ್ಲ. ಮಳೆ ಕಡಿಮೆಯಿದ್ದ ಕಾಲಾವಧಿ ಕಾಣುತ್ತದೆ. ಅವರೂ ಹೇಳಿದ್ದು ಸೂರ್ಯನ ಗ್ಲೈಸ್‌ಬರ್ಗ್ ಚಕ್ರದ ಜೊತೆ, ಅಂದರೆ ಸುಮಾರು 80 ವರ್ಷದ ಏರಿಳಿತದ ಜೊತೆ, ಇದಕ್ಕೆ ನಂಟು ಇರಬಹುದು ಎಂದು. ಮುಂದಿನ ಬರ ಇಂಥ ವರ್ಷ ಎಂದು ಪಂಚಾಂಗ ಬರೆದುಕೊಟ್ಟಿಲ್ಲ.

ಲೆಕ್ಕದ ಮೇಷ್ಟ್ರು
ಪರೀಕ್ಷೆ ಮಾಡೋಕೇ ಆಗದ ಚಕ್ರ ಇಟ್ಟುಕೊಂಡು ಏನು ಮಾಡೋದು ಮೇಡಂ?

ಜೋಯಿಡಾ ಕಾಡು
ಪರೀಕ್ಷೆಗೆ ದಾರಿ ಇದೆ ಸರ್, ನಮ್ಮ ಜಿಲ್ಲೆಯಲ್ಲೇ ಇದೆ. ಉತ್ತರ ಕನ್ನಡದ ಅಕಳಗವಿ ಗುಹೆಯ ಸುಣ್ಣದ ಶಿಲೆಯಲ್ಲಿ ವರ್ಷಕ್ಕೊಂದು ಪದರ ಕೂತಿದೆ, ಒಟ್ಟು 331 ವರ್ಷ. ಅಹಮದಾಬಾದಿನ ಭೌತ ಸಂಶೋಧನಾಲಯದವರು ಆ ಪದರಗಳ ಆಮ್ಲಜನಕ ಅಳೆದು, ಅದರಿಂದ ಮಳೆಯ ಏರಿಳಿತ ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದ್ದಾರೆ. ಗುಹೆಯಲ್ಲಿ ಪದರ ಎಣಿಸಬಹುದು, ಕಡಲ ಕೆಸರಿನಲ್ಲಿ ಹೆಚ್ಚಾಗಿ ಆಗುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಮಲ್ಪೆ ಬೋಟು
ನಂದೊಂದು ಪ್ರಶ್ನೆ ಮಾರಾಯ್ರೇ. ನಾವು ಟ್ರಾಲ್ ಬಲೆ ಎಳೆಯುವಾಗ ತಳದ ಕೆಸರು ಪೂರಾ ಎದ್ದು ಬರ್ತದೆ. ವರ್ಷಗಟ್ಟಲೆ ಉತ್ತ ಹಾಗೆ ಆಗಿದೆ ತಳ. ಅಂಥ ಜಾಗದ ಕೆಸರಿನಲ್ಲಿ ಯಾವ ಪದರ ಉಳಿದಿರ್ತದೆ?

ಕಪ್ಪು ತಟ್ಟೆ
ಬಹಳ ಒಳ್ಳೆ ಪ್ರಶ್ನೆ ಅಣ್ಣ. ಟ್ರಾಲ್ ಕೆದಕುವುದು ಮೇಲಿನ ಕೆಲವು ಸೆಂಟಿಮೀಟರ್. ಅಂದರೆ ಇತ್ತೀಚಿನ ಕಾಲ ಹಾಳಾಗುತ್ತದೆ, ಕೆಳಗಿನ ಹಳೆಯದು ಉಳಿಯುತ್ತದೆ. ತೊಂದರೆ ಏನಂದರೆ ಮಳೆಮಾಪಕದ ದಾಖಲೆ ಇರುವುದೂ ಆ ಇತ್ತೀಚಿನ ಕಾಲದ್ದೇ. ಹೋಲಿಸಿ ನೋಡೋಕೆ ಬೇಕಾದ ಭಾಗವೇ ಕೆಟ್ಟಿರುತ್ತದೆ. ಹಾಗಾಗಿ ಜಾಗ ಹುಡುಕುವಾಗ ತುಂಬಾ ನೋಡಬೇಕಾಗುತ್ತದೆ.

ಬಲೆ ಇಲ್ಲದಿದ್ದರೂ ಹುಳು, ಏಡಿ ಬಿಡುವುದಿಲ್ಲ. ತಳವನ್ನು ಚಿತ್ರಾನ್ನ ಕಲಸಿದ ಹಾಗೆ ಕಲಸಿಬಿಡುತ್ತವೆ. ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೆಸರು ಕೂರುವ ಕಡೆ ಮೇಲಿನ ಹತ್ತು ಸೆಂಟಿಮೀಟರ್ ಕಲಸಿದರೆ ಕಡಿಮೆ ಅಂದರೂ ಐದು ಸಾವಿರ ವರ್ಷ ಒಂದಾಯಿತು. ಅರಬ್ಬಿ ಸಮುದ್ರಕ್ಕೆ ಇಲ್ಲಿ ಒಂದು ಅದೃಷ್ಟ ಇದೆ. ಸುಮಾರು 150ರಿಂದ 1200 ಮೀಟರ್ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಆ ನೀರು ತಳಕ್ಕೆ ತಾಗುವ ಕಡೆ ಹುಳುಗಳಿಗೆ ಬದುಕುವುದೇ ಕಷ್ಟ. ಪಾಕಿಸ್ತಾನದ ಕರಾವಳಿಯ ಎದುರು ಇಂಥ ಕಡೆ ಪದರಗಳು ಗೆರೆ ಎಳೆದಷ್ಟು ಸ್ಪಷ್ಟವಾಗಿ ಉಳಿದಿವೆ. ಅಲ್ಲಿನ ಕೋರ್ ನೋಡಿ 1998ರಲ್ಲಿ ಶುಲ್ಟ್ಸ್ ಮತ್ತು ಜೊತೆಗಾರರು, ಕಳೆದ 1,10,000 ವರ್ಷದಲ್ಲಿ ಗ್ರೀನ್‌ಲ್ಯಾಂಡ್ ತಣ್ಣಗಾದಾಗಲೆಲ್ಲ ಇಲ್ಲಿನ ಮುಂಗಾರು ಸೊರಗಿತ್ತು ಎಂದು ತೋರಿಸಿದರು.

ರಾಗಿಮುದ್ದೆ
ಗ್ರೀನ್‌ಲ್ಯಾಂಡಿಗೆ ಶೀತ ಆದ್ರೆ ಮಂಡ್ಯಕ್ಕೆ ನೀರಿಲ್ಲ. ಇನ್ಮೇಲೆ ಕಾವೇರಿ ಗಲಾಟೆಗೆ ಅವರನ್ನೂ ಪಾರ್ಟಿ ಮಾಡೋಣ.

ಬೀದರ್ ಕೋಟೆ
ಅರಬ್ಬಿ ಸಮುದ್ರದ್ದೇ ಎಲ್ಲಾ ಹೇಳಾಕತ್ತೀರಿ. ನಮ್ಮ ಕಡೀದು ಏನ್ರಿ? ನಮ್ಮ ಮಾಂಜ್ರಾ ನೀರು ಗೋದಾವರಿಗೆ ಹೋಗಿ ಬಂಗಾಳ ಕೊಲ್ಲಿ ಸೇರ್ತದ.

ಜೋಯಿಡಾ ಕಾಡು
ನಿಮ್ಮ ಕಡೆಯದೂ ಇದೆ ರೀ. 2006ರಲ್ಲಿ ಗ್ಯಾಸ್ ಹೈಡ್ರೇಟ್, ಅಂದರೆ ಸಮುದ್ರದ ತಳದಲ್ಲಿ ಹೆಪ್ಪುಗಟ್ಟಿದ ಅನಿಲ, ಹುಡುಕುವ ಭಾರತದ ಕಾರ್ಯಕ್ರಮಕ್ಕೆ ಜಾಯ್ಡಿಸ್ ರೆಸಲ್ಯೂಷನ್ ಎಂಬ ತಳ ಕೊರೆಯುವ ಹಡಗು ಬಂದಿತ್ತು. ಗೋದಾವರಿ ಬಾಯಿಯ ಎದುರು ತೆಗೆದ ಒಂದು ಕೋರ್ ಅನ್ನು ಪೊಂಟನ್ ಮತ್ತು ಜೊತೆಗಾರರು ಹವಾಮಾನಕ್ಕೂ ಬಳಸಿದರು, 2012ರಲ್ಲಿ ಪ್ರಕಟವಾಯಿತು. ಅವರು ಅಳೆದದ್ದು ಎಲೆಯ ಮೇಲಿನ ಮೇಣವನ್ನು. ಎಲೆ ಕೊಳೆತರೂ ಮೇಣ ಉಳಿದು ನದಿಯಲ್ಲಿ ಬರುತ್ತದೆ.

ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ರೀತಿ ನೋಡಿ ಗಿಡಗಳನ್ನು ಗುಂಪು ಮಾಡುತ್ತಾರೆ. ಮರಗಿಡ, ಭತ್ತ ಇವು ಸಿ3 ಗುಂಪು. ಜೋಳ, ಕಬ್ಬು, ರಾಗಿ, ಒಣ ಸೀಮೆಯ ಹೆಚ್ಚಿನ ಹುಲ್ಲು ಸಿ4. ಎರಡರ ಇಂಗಾಲದಲ್ಲಿ ಭಾರದ ಇಂಗಾಲ-13 ಪಾಲು ಬೇರೆ ಬೇರೆ. ಹಾಗಾಗಿ ಮೇಣ ನೋಡಿದರೆ ನದಿ ಪಾತ್ರದಲ್ಲಿ ಯಾವ ಗುಂಪು ಜಾಸ್ತಿ ಇತ್ತು ಗೊತ್ತಾಗುತ್ತದೆ. ಸುಮಾರು 4000 ವರ್ಷದ ಹಿಂದಿನಿಂದ ಸಿ4 ಏರುತ್ತಾ ಬಂತು, 1700 ವರ್ಷದ ಹಿಂದಿನವರೆಗೂ ಏರಿತು. ಒಣಗಿತು ಅನ್ನುವುದು ಅವರ ತೀರ್ಮಾನ. ಕಾರವಾರದ 3500ಕ್ಕೆ ಬಹಳ ದೂರ ಇಲ್ಲ ನೋಡಿ.

ಬೀದರ್ ಕೋಟೆ
ತಡೀರಿ. ನಮ್ಮ ಕಡೆ ಜೋಳ ಬಿತ್ತಿದ್ರೂ ಸಿ4 ಏರ್ತದಲ್ಲ? ಮಳೆ ಕಮ್ಮಿ ಆಗಿ ಹುಲ್ಲು ಬಂತೋ, ರೈತ ಕಾಡು ಕಡಿದು ಹೊಲ ಮಾಡಿದ್ನೋ, ಮೇಣಕ್ಕ ಹ್ಯಾಂಗ ಗೊತ್ತ?

ಲೆಕ್ಕದ ಮೇಷ್ಟ್ರು
ಇದು ಪ್ರಶ್ನೆ ಅಂದರೆ.

ಕಾಳಿ ದಂಡೆ
ಕಾರವಾರಕ್ಕೂ ಇದೇ ಪ್ರಶ್ನೆ ಬರುತ್ತೆ ಅಲ್ವಾ? ಕಾಡಿನ ಪರಾಗ ಇಳಿದು ಹುಲ್ಲು ಏರಿದ್ದು ಕೊಡಲಿಯಿಂದ ಇರಬಹುದು.

ಜೋಯಿಡಾ ಕಾಡು
ಬರುತ್ತದೆ. ಆ ಕಾಲಕ್ಕೆ ಕರ್ನಾಟಕದಲ್ಲಿ ರೈತರು ಇದ್ದರು. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲಿನಲ್ಲಿ ನವಶಿಲಾಯುಗದ ಜನ ದನ ಸಾಕಿ, ಕಿರುಧಾನ್ಯ, ಬೇಳೆಕಾಳು ಬೆಳೆಯುತ್ತಿದ್ದರು, ಬೂದಿ ದಿಬ್ಬಗಳು ಇವತ್ತಿಗೂ ಇವೆ. ಆದರೆ ಸಂಗನಕಲ್ಲು ಎಲ್ಲಿ, ಕಾಳಿ ಎಲ್ಲಿ. ಕಾಳಿ ಹುಟ್ಟುವುದು ನಮ್ಮ ಡಿಗ್ಗಿ ಹತ್ತಿರ, ಆ ಇಳಿಜಾರಿನ ಕಾಡಿನಲ್ಲಿ ಅಷ್ಟು ಹಿಂದೆ ದೊಡ್ಡ ಬೇಸಾಯ ಇತ್ತು ಎಂದು ನಾನು ಒಪ್ಪುವುದಿಲ್ಲ. ಇನ್ನೊಂದು, ಕಾಂಡ್ಲ ಗಿಡವನ್ನು ರಾಗಿ ಬಿತ್ತಲು ಯಾರೂ ಕಡಿಯುವುದಿಲ್ಲ. ಉಪ್ಪುನೀರಿನಲ್ಲಿ ಏನು ಬೆಳೆಯುತ್ತೀರಿ?

ಮಲ್ಪೆ ಬೋಟು
ಕಗ್ಗ ಭತ್ತ ಬೆಳೀತಾರಲ್ಲ! ಕುಮಟಾ ಕಡೆ ಗಜನಿಯಲ್ಲಿ, ಅಂದ್ರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಅದೇ. ಕಾಂಡ್ಲ ಕಡಿದು ಗಜನಿ ಮಾಡಿದ್ದು, ಸೌದೆಗೆ ಕಡಿದದ್ದು, ಎಲ್ಲ ಉಂಟು.

ಜೋಯಿಡಾ ಕಾಡು
ಗಜನಿ ಇದೆ ಒಪ್ಪಿದೆ ಅಣ್ಣ, 3500 ವರ್ಷ ಹಳೆಯದು ಅಂತ ಯಾರು ಹೇಳಿದ್ದು?

ಮಲ್ಪೆ ಬೋಟು
ಇರಲಿಲ್ಲ ಅಂತ ಯಾರು ಹೇಳಿದ್ದು?

ನೇರ ಮಾತು
ಓದಿದೆ ಎಲ್ಲವನ್ನೂ. ನೀವೇ ಹೇಳ್ತಿದ್ದೀರಿ, 3500 ವರ್ಷದ ಹಿಂದೆ ಹವೆ ಬದಲಾಯ್ತು, ಅದಕ್ಕೂ ಮೊದಲು ಹಿಮಯುಗ ಬಂತು ಹೋಯ್ತು. ಆಗ ಕಾರು ಇತ್ತಾ, ಕಾರ್ಖಾನೆ ಇತ್ತಾ? ಹವೆ ತಾನಾಗಿ ಬದಲಾಗುತ್ತೆ. ಈಗ ಮಾತ್ರ ಯಾಕೆ ಇಷ್ಟು ಗಾಬರಿ?

ಬ್ರೆಮೆನ್ ಕನ್ನಡಿಗ
ನಾನು ಕೆಲಸ ಮಾಡುವ ಊರಿನಲ್ಲಿ ಅಟ್ಲಾಂಟಿಕ್ ಸಮುದ್ರದ ಕೋರ್‌ಗಳ ದೊಡ್ಡ ಭಂಡಾರ ಇದೆ. ನಿಮ್ಮ ಪ್ರಶ್ನೆಗೆ ಅಲ್ಲಿರುವ ಒಂದು ಗುಂಪು ಕೋರ್ ಸಾಕು. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ದಿಬ್ಬದಿಂದ 2003ರಲ್ಲಿ ತೆಗೆದದ್ದು. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬಂದರೆ ಬಿಳಿಚಿದ ಸುಣ್ಣದ ಕೆಸರು. ಒಂದು ಕಡೆ ಇದ್ದಕ್ಕಿದ್ದಂತೆ ನಿಂತು ಕೆಂಪು ಮಿಶ್ರಿತ ಕಂದು ಜೇಡಿ ಶುರುವಾಗುತ್ತದೆ. ಸುಣ್ಣ ಪೂರಾ ಮಾಯ. ಮೇಲೆ ಹೋದಂತೆ ನಿಧಾನಕ್ಕೆ ಮತ್ತೆ ಬೆಳ್ಳಗಾಗುತ್ತದೆ.

ಆ ಗೆರೆ 5.6 ಕೋಟಿ ವರ್ಷ ಹಳೆಯದು. ವಾತಾವರಣಕ್ಕೆ, ಸಮುದ್ರಕ್ಕೆ ಭಾರೀ ಇಂಗಾಲ ಬಂದು ಸೇರಿತು. ಭೂಮಿ 5ರಿಂದ 6 ಡಿಗ್ರಿ ಬಿಸಿಯಾಯಿತು. ಸಮುದ್ರದ ನೀರು ಹುಳಿಯಾಗಿ ತಳದ ಚಿಪ್ಪುಗಳನ್ನು ಕರಗಿಸಿತು. ಆಳದ ತಳದಲ್ಲಿದ್ದ ಫೊರಾಮ್ ಜಾತಿಗಳಲ್ಲಿ 30ರಿಂದ 50 ಶೇಕಡಾ ಅಳಿದುಹೋದವು. ಸುಧಾರಿಸಿಕೊಳ್ಳಲು ಒಂದು ಲಕ್ಷ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಕಾರು ಇರಲಿಲ್ಲ, ನಿಜ. ಆದರೆ ಆ ಇಂಗಾಲ ಬಂದದ್ದು ಸಾವಿರಾರು ವರ್ಷದಲ್ಲಿ ಹರಡಿಕೊಂಡು. ವರ್ಷದ ಲೆಕ್ಕದಲ್ಲಿ ನಾವು ಈಗ ಸೇರಿಸುತ್ತಿರುವುದು ಅದರ ಸುಮಾರು ಹತ್ತು ಪಟ್ಟು.

ನೇರ ಮಾತು
ಆಗಿನ ವೇಗ ಹೇಗೆ ಗೊತ್ತು? ಹುಳು ಕಲಸಿಬಿಡುತ್ತೆ ಅಂತ ಮೇಲೆ ಅವರೇ ಬರೆದಿದ್ದಾರೆ. ಕಲಸಿದರೆ ವೇಗದ್ದು ನಿಧಾನ ಅಂತ ಕಾಣಲ್ವಾ?

ಬ್ರೆಮೆನ್ ಕನ್ನಡಿಗ
ಒಳ್ಳೆಯ ಆಕ್ಷೇಪ, ಇದೇ ವಿಷಯಕ್ಕೆ ಈ ಕೆಲಸದವರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ದಾರಿ ಏನಂದರೆ, ಇಂಗಾಲ ಮತ್ತು ತಾಪಮಾನ ಎರಡರ ಗುರುತನ್ನೂ ಒಂದೇ ಕೋರ್‌ನಲ್ಲಿ ಅಳೆಯಿರಿ. ಕಲಸಿದರೆ ಎರಡೂ ಒಟ್ಟಿಗೆ ಕಲಸುತ್ತವೆ. ಇಂಗಾಲ ನಿಜವಾಗಿ ಒಂದೇ ಸಲ ನುಗ್ಗಿದ್ದರೆ ತಾಪಮಾನ ಅದರ ಹಿಂದೆ ಬೀಳಬೇಕು, ಯಾಕಂದರೆ ಸಮುದ್ರ ಬಿಸಿಯಾಗಲು ಸಮಯ ಬೇಕು. 2016ರಲ್ಲಿ ಝೀಬೆ ಮತ್ತು ಜೊತೆಗಾರರು ನ್ಯೂಜೆರ್ಸಿಯ ಕೋರ್‌ನಲ್ಲಿ ಹಾಗೆ ನೋಡಿದಾಗ ಹಿಂದೆ ಬಿದ್ದದ್ದು ಕಾಣಲಿಲ್ಲ. ಅಂದರೆ ಇಂಗಾಲ ನಿಧಾನಕ್ಕೇ ಬಂದಿತ್ತು.

ಇನ್ನೊಂದು ಮಾತು. ಹವೆ ಹಿಂದೆ ಬದಲಾಗಿತ್ತು ಎಂದು ನಿಮಗೆ ಗೊತ್ತಾದದ್ದೇ ಈ ಕೆಸರಿನಿಂದ. ಬದಲಾದದ್ದನ್ನು ನಂಬಿ, ಕಾರಣವನ್ನು ಮಾತ್ರ ನಂಬಲ್ಲ ಅಂದರೆ ಹೇಗೆ?

ಕಾಳಿ ದಂಡೆ
ತಾಪಮಾನದ ಗುರುತು ಅಂದಿರಲ್ಲ, ಅದು ಚಿಪ್ಪಿಗೆ ಹೇಗೆ ಬರುತ್ತದೆ? ಆಮ್ಲಜನಕದಿಂದ ಅಂತ ಎಲ್ಲೋ ಓದಿದೆ, ಪೂರಾ ಅರ್ಥ ಆಗಲಿಲ್ಲ.

ಕಪ್ಪು ತಟ್ಟೆ
ಆಮ್ಲಜನಕದ ಪರಮಾಣುಗಳಲ್ಲಿ ಹಗುರದ್ದು 16, ಭಾರದ್ದು 18. ನೀರು ತಣ್ಣಗಿದ್ದಷ್ಟೂ ಚಿಪ್ಪು ಭಾರದ್ದನ್ನು ಸ್ವಲ್ಪ ಜಾಸ್ತಿ ಸೇರಿಸಿಕೊಳ್ಳುತ್ತದೆ. ಒಂದು ಡಿಗ್ರಿಗೆ ಸಾವಿರಕ್ಕೆ ಸುಮಾರು 0.22 ಭಾಗ ವ್ಯತ್ಯಾಸ. ಇದರ ಮೂಲ ವಿಚಾರ 1947ರಲ್ಲಿ ಹೆರಾಲ್ಡ್ ಯೂರಿ ಕೊಟ್ಟದ್ದು. 1955ರಲ್ಲಿ ಎಮಿಲಿಯಾನಿ ಇದನ್ನು ಬಳಸಿ ಹಿಮಯುಗದ ಸಮುದ್ರದ ತಾಪಮಾನ ಬರೆದರು.

ಆದರೆ ಒಂದು ಕೊಕ್ಕೆ ಇದೆ. ಸಮುದ್ರದಿಂದ ಆವಿಯಾಗುವಾಗ ಹಗುರದ್ದು ಮೊದಲು ಹೋಗುತ್ತದೆ. ಅದು ಹಿಮವಾಗಿ ಧ್ರುವದಲ್ಲಿ ಕೂತುಬಿಟ್ಟರೆ ಸಮುದ್ರದಲ್ಲಿ ಭಾರದ್ದು ಉಳಿಯುತ್ತದೆ. ಆಗ ನೀರು ತಣ್ಣಗಾಗದಿದ್ದರೂ ಚಿಪ್ಪು ಭಾರ ತೋರಿಸುತ್ತದೆ. ಎಮಿಲಿಯಾನಿ ಕಂಡ ಏರಿಳಿತದಲ್ಲಿ ದೊಡ್ಡ ಪಾಲು ಹಿಮದ್ದು, ತಾಪದ್ದಲ್ಲ ಎಂದು 1967ರಲ್ಲಿ ಷ್ಯಾಕಲ್ಟನ್ ತೋರಿಸಿದರು. ತಳದಲ್ಲಿ ಬದುಕುವ ಫೊರಾಮ್‌ಗಳೂ ಅಷ್ಟೇ ಏರಿಳಿತ ತೋರಿಸಿದವು. ಆಳದ ನೀರು ಮೊದಲೇ ಕೊರೆಯುತ್ತಿರುತ್ತದೆ, ಇನ್ನೆಷ್ಟು ತಣ್ಣಗಾದೀತು?

ನಮ್ಮ ಕಡೆ ಮೂರನೆಯದೂ ಸೇರುತ್ತದೆ, ಮಳೆ ಮತ್ತು ನದಿ. ಅದರ ನೀರು ಹಗುರ. ಹಾಗಾಗಿ ಒಂದೇ ಸಂಖ್ಯೆಯಲ್ಲಿ ತಾಪ, ಹಿಮ, ನದಿ ಮೂರೂ ಅವಿತಿವೆ. ಬಿಡಿಸಲು ಅದೇ ಚಿಪ್ಪಿನ ಮೆಗ್ನೀಸಿಯಂ ಅಳೆಯುತ್ತೇವೆ. ಬೆಚ್ಚಗಿನ ನೀರಿನಲ್ಲಿ ಚಿಪ್ಪಿಗೆ ಮೆಗ್ನೀಸಿಯಂ ಜಾಸ್ತಿ ಸೇರುತ್ತದೆ, ಡಿಗ್ರಿಗೆ ಸುಮಾರು 9 ಶೇಕಡಾ. ಅದರಿಂದ ತಾಪ ತೆಗೆದು, ಹಿಮದ ಪಾಲನ್ನು ಜಾಗತಿಕ ದಾಖಲೆಯಿಂದ ಕಳೆದರೆ ಉಳಿದದ್ದು ನದಿ. ಚಿಪ್ಪಿಗೆ ಅಂಟಿದ ಜೇಡಿಯಲ್ಲೂ ಮೆಗ್ನೀಸಿಯಂ ಇರುವುದರಿಂದ ಮೆಥನಾಲ್‌ನಲ್ಲಿ ಹಾಕಿ ಶಬ್ದತರಂಗದಿಂದ ಅಲುಗಿಸಿ ತೊಳೆಯಬೇಕು. ಜಾಸ್ತಿ ತೊಳೆದರೆ ಚಿಪ್ಪೇ ಪುಡಿ.

ಆದ್ದರಿಂದ ಯಾರಾದರೂ ಒಂದೇ ಅಳತೆ ತೋರಿಸಿ ಹವೆ ಹೀಗಿತ್ತು ಅಂದರೆ ನಾನು ನಂಬುವುದಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮೂರು ಅಳತೆ ಒಂದೇ ಕಡೆ ಬೊಟ್ಟು ಮಾಡಿದರೆ ಆಗ ಕೂತು ಓದುತ್ತೇನೆ.

ಮಲ್ಪೆ ಬೋಟು
ಮಳೆಗಾಲದಲ್ಲಿ ನಮ್ಮ ದಡದಲ್ಲೇ ಅಡಿಯ ತಣ್ಣೀರು ಮೇಲೆ ಬರ್ತದೆ, ಆಮೇಲೆ ಬೂತಾಯಿ, ಬಂಗುಡೆ. ಅದನ್ನೂ ಈ ಚಿಪ್ಪು ಹೇಳ್ತದಾ?

ಕಪ್ಪು ತಟ್ಟೆ
ಅದನ್ನೇ ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ತೇಲುವ ಫೊರಾಮ್ ಇದೆ. ನಾಲ್ಕು ಉಬ್ಬಿದ ಕೋಣೆ, ನಡುವೆ ಅಗಲ ಬಾಯಿ, ತಟ್ಟೆಯಲ್ಲಿ ನೋಡಿದ ತಕ್ಷಣ ಗುರುತು ಸಿಗುತ್ತದೆ. ಅದಕ್ಕೆ ತಣ್ಣಗಿನ, ಆಹಾರ ತುಂಬಿದ ನೀರು ಇಷ್ಟ. ಮುಂಗಾರು ಗಾಳಿ ಜೋರಾಗಿ ಬೀಸಿದರೆ ಒಮಾನ್ ದಡದಲ್ಲಿ ಅಡಿಯ ನೀರು ಏಳುತ್ತದೆ, ಬುಲ್ಲಾಯ್ಡಿಸ್ ಹೆಚ್ಚುತ್ತದೆ. ಐಐಟಿ ಖರಗ್‌ಪುರದ ಅನಿಲ್ ಗುಪ್ತಾ ಮತ್ತು ಇಬ್ಬರು ಜೊತೆಗಾರರು 2003ರಲ್ಲಿ ಒಮಾನ್ ಎದುರಿನ ಕೋರ್‌ನಲ್ಲಿ ಇದನ್ನೇ ಎಣಿಸಿದರು. ಉತ್ತರ ಅಟ್ಲಾಂಟಿಕ್ ತಣ್ಣಗಾದ ಕಾಲದಲ್ಲೆಲ್ಲ ಇಲ್ಲಿನ ಮುಂಗಾರು ದುರ್ಬಲವಾಗಿತ್ತು.

ಲೆಕ್ಕದ ಮೇಷ್ಟ್ರು
ಗಾಳಿ ಅಳೆದು ಮಳೆ ಅಂದಹಾಗಾಯ್ತು. ಜೂನ್‌ನಲ್ಲಿ ಗಾಳಿ ಬೀಸಿ ಮಳೆ ಕೈಕೊಟ್ಟ ವರ್ಷಗಳು ನಮಗೆ ಗೊತ್ತಿಲ್ವಾ?

ಕಪ್ಪು ತಟ್ಟೆ
ಹೌದು ಮೇಷ್ಟ್ರೇ, ಒಮಾನ್ ಕೋರ್ ಗಾಳಿಯದ್ದು, ಗೋದಾವರಿ ಕೋರ್ ಗಿಡದ್ದು, ಕಾರವಾರದ ಚಿಪ್ಪು ಉಪ್ಪಿನದ್ದು. ಮೂರನ್ನೂ ಮುಂಗಾರು ಎಂದು ಒಂದೇ ಗೆರೆಯಲ್ಲಿ ಬರೆಯುವವರ ಮೇಲೆ ನನಗೂ ಸಿಟ್ಟಿದೆ.

ರಾಗಿಮುದ್ದೆ
ಹಿಮ ಜಾಸ್ತಿ ಇದ್ದಾಗ ಸಮುದ್ರ ಎಲ್ಲಿತ್ತು? ನೀರೆಲ್ಲ ಧ್ರುವದಲ್ಲಿದ್ರೆ ಮುರ್ಡೇಶ್ವರದಲ್ಲಿ ಅಲೆ ಇರ್ಲಿಲ್ಲ ಅನ್ನಿ.

ಬ್ರೆಮೆನ್ ಕನ್ನಡಿಗ
ಸುಮಾರು 20,000 ವರ್ಷದ ಹಿಂದೆ ಸಮುದ್ರ ಮಟ್ಟ ಈಗಿನದಕ್ಕಿಂತ 120 ಮೀಟರ್‌ಗೂ ಕೆಳಗಿತ್ತು. ದಡ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ. ನೇತ್ರಾಣಿ ದ್ವೀಪ ಆಗ ನೆಲದ ಮೇಲಿನ ಗುಡ್ಡ, ನಡೆದುಕೊಂಡೇ ಹೋಗಬಹುದಿತ್ತು.

ಮಲ್ಪೆ ಬೋಟು
ಹಾಗಾದ್ರೆ ಅಲ್ಲಿ ಈಗ ಡೈವಿಂಗ್ ಮಾಡುವವರು ಕಾಡಿನ ಮೇಲೆ ಈಜ್ತಿದ್ದಾರೆ.

ಬೀದರ್ ಕೋಟೆ
ಶಾಲ್ಯಾಗಿನ ಸೀಮೆಸುಣ್ಣನೂ ಇಂಥ ಚಿಪ್ಪಿಂದೇ ಅಂತ ಓದಿದ್ದೆ. ಖರೇ ಏನ್ರಿ?

ಕಪ್ಪು ತಟ್ಟೆ
ಇಂಗ್ಲೆಂಡಿನ ಡೋವರ್ ಬಂಡೆಯ ಸುಣ್ಣ ಹೌದು, ಅದರಲ್ಲಿ ಹೆಚ್ಚಿನದು ಕೊಕ್ಕೋಲಿತ್ ಎಂಬ ಇನ್ನೂ ಚಿಕ್ಕ ಪಾಚಿಯ ಬಿಲ್ಲೆ. ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂ, ಅದರಲ್ಲಿ ಚಿಪ್ಪು ಹುಡುಕಬೇಡಿ. ಗೀಜಾ ಪಿರಮಿಡ್ಡಿನ ಕಲ್ಲಿನಲ್ಲಿ ಮಾತ್ರ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಫೊರಾಮ್ ಇವೆ. ಪಿರಮಿಡ್ ಕಟ್ಟಿದ ಕೂಲಿಗಳು ತಿಂದು ಬಿಟ್ಟ ಬೇಳೆ ಕಲ್ಲಾಗಿದೆ ಎಂದು ಅಲ್ಲಿನ ಜನ ಹೇಳುತ್ತಾರೆಂದು ಗ್ರೀಕ್ ಲೇಖಕ ಸ್ಟ್ರೇಬೋ ಬರೆದಿದ್ದಾನೆ.

ಕಾಳಿ ದಂಡೆ
ಒಂದು ಕೋರ್ ಕಣ್ಣಾರೆ ನೋಡಬೇಕು ಅನ್ನಿಸಿದೆ. ಹಿಂದೂ ಮಹಾಸಾಗರದ ಕೋರ್‌ಗಳನ್ನು ಎಲ್ಲಿ ಇಡುತ್ತಾರೆ?

ಬ್ರೆಮೆನ್ ಕನ್ನಡಿಗ
ಅಂತಾರಾಷ್ಟ್ರೀಯ ಕೊರೆತದಲ್ಲಿ ತೆಗೆದದ್ದೆಲ್ಲ ಕೊಚ್ಚಿಯಲ್ಲಿದೆ.

ಮಲ್ಪೆ ಬೋಟು
ಕೊಚ್ಚಿಯಾ? ಹತ್ತಿರ ಆಯ್ತಲ್ಲ, ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಅಲ್ಲಿ.

ಬ್ರೆಮೆನ್ ಕನ್ನಡಿಗ
ಕೇರಳದ ಕೊಚ್ಚಿ ಅಲ್ಲ, ಜಪಾನಿನ ಕೊಚ್ಚಿ. 2015ರಲ್ಲಿ ಅರಬ್ಬಿ ಸಮುದ್ರದ ಲಕ್ಷ್ಮಿ ಕುಳಿಯಲ್ಲಿ ಕೊರೆದ ಕೋರ್‌ಗಳೂ ಅಲ್ಲೇ ಇವೆ.

ರಾಗಿಮುದ್ದೆ
ಮಲ್ಪೆ ಅಣ್ಣ, ಬೋಟಲ್ಲೇ ಹೊರಡಿ. ಡೀಸೆಲ್ ಸಬ್ಸಿಡಿ ಕೇಳಿ ನೋಡಿ.

ಬೀದರ್ ಕೋಟೆ
ನನ್ನ ಪ್ರಶ್ನೆ ಹಾಂಗೇ ಉಳೀತು. ಮಳೆನೋ, ರೈತನೋ? ಹುಲ್ಲಿನ ಪರಾಗ ನೋಡಿದ್ರೆ ಜೋಳದ್ದು ಯಾವುದು, ಕಾಡು ಹುಲ್ಲಿಂದು ಯಾವುದು ಗೊತ್ತಾಗಂಗಿಲ್ಲೇನು?

ಜೋಯಿಡಾ ಕಾಡು
ಗೊತ್ತಾಗುವುದು ಕಷ್ಟ ರೀ. ಹುಲ್ಲಿನ ಕುಟುಂಬದ ಪರಾಗ ಎಲ್ಲವೂ ಗುಂಡಗೆ, ಒಂದೇ ರಂಧ್ರ. ಗಾತ್ರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಬಿಟ್ಟರೆ ಬೇರೆ ಗುರುತು ಸಿಗುವುದಿಲ್ಲ. ಎರಡು ದಾರಿ ಇದೆ. ಒಂದು, ಕೆಸರಿನಲ್ಲಿ ಸುಟ್ಟ ಇದ್ದಿಲಿನ ಚೂರು ಎಣಿಸುವುದು. ಕಾಡು ಸುಟ್ಟು ಹೊಲ ಮಾಡಿದ್ದರೆ ಹುಲ್ಲಿನ ಜೊತೆಗೇ ಇದ್ದಿಲೂ ಏರಬೇಕು. ಆದರೆ ಒಣ ಹವೆಯಲ್ಲಿ ಕಾಡಿಗೆ ತಾನಾಗಿಯೂ ಬೆಂಕಿ ಬೀಳುತ್ತದೆ, ಹಾಗಾಗಿ ಅದೂ ಪೂರಾ ಬಿಡಿಸುವುದಿಲ್ಲ. ಇನ್ನೊಂದು ಫೈಟೋಲಿತ್, ಎಲೆ ಮತ್ತು ಹೊಟ್ಟಿನೊಳಗೆ ಕೂರುವ ಗಾಜಿನಂಥ ಸಿಲಿಕಾ ಕಣ. ಭತ್ತದ ಹೊಟ್ಟಿನದು ಎರಡು ಕೊಂಬಿನ ಆಕಾರ, ಬೇರೆ ಹುಲ್ಲಿನಿಂದ ಬೇರೆ ಮಾಡಬಹುದು. ಅಳಿವೆಯ ಕೆಸರಿನಲ್ಲಿ ಅದು ಯಾವ ಪದರದಿಂದ ಶುರುವಾಗುತ್ತದೆ ಎಂದು ನೋಡಿದರೆ ಮಲ್ಪೆ ಅಣ್ಣನ ಗಜನಿಗೂ ಉತ್ತರ ಸಿಗುತ್ತದೆ.

ಮಲ್ಪೆ ಬೋಟು
ಕಗ್ಗದ ಹೊಟ್ಟು ಬೇಕಾದ್ರೆ ಕುಮಟಾದ ನೆಂಟರಿಂದ ತರಿಸಿ ಕೊಡ್ತೇನೆ. ಕಾಡು ಹುಲ್ಲಿಂದು ನೀವು ತನ್ನಿ.

ಲೆಕ್ಕದ ಮೇಷ್ಟ್ರು
ಎಣಿಸುವ ಮೊದಲು ಎಷ್ಟು ಮಾದರಿ ಬೇಕು ಎಂದು ನನ್ನ ಹತ್ತಿರ ಕೇಳಿ. ಆಮೇಲೆ ಐದಾರು ಸಾಕು ಅನ್ನಬೇಡಿ.

ನಿರ್ವಾಹಕ
ಎಳೆ ಬಹಳ ಉದ್ದ ಆಯ್ತು, ಫೋನಿನಲ್ಲಿ ತೆರೆಯಲು ತಡವಾಗುತ್ತಿದೆ ಎಂದು ದೂರು ಬಂದಿದೆ. ಫೈಟೋಲಿತ್ ಮತ್ತು ಗಜನಿ ಬಗ್ಗೆ ಬೇರೆ ಎಳೆ ತೆರೆಯಿರಿ.

ಬೀದರ್ ಕೋಟೆ
ತೆರೆದೀನ್ರಿ. ಎಲ್ಲಾರೂ ಅಲ್ಲೇ ಬರ್ರಿ.